ಕನ್ನಡಕ ಒರೆಸುವಷ್ಟು ಹೊತ್ತು

ಲೆಕ್ಕದ ಮೇಷ್ಟ್ರು ಹೋದ ಸುದ್ದಿ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಅಂಗಳಕ್ಕೆ ಬರುತ್ತೇನೆ. ಅಂಗಳಕ್ಕೆ ಯಾಕೆ ಬಂದೆ ಎಂಬುದು ಮರೆತು ಒಳಗೆ ಹೋದರೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿರುತ್ತದೆ. ಬರೀ ದುಃಖವಾಗಿದ್ದರೆ ಒಂದು ಮೂಲೆ ಹಿಡಿದು ಅತ್ತು ಮುಗಿಸಬಹುದಿತ್ತು. ಇದರಲ್ಲಿ ಸಿಟ್ಟೂ ಸೇರಿಕೊಂಡಿದೆ, ಆ ಸಿಟ್ಟಿಗೆ ಕಾರಣ ನನ್ನ ಮೊಬೈಲಿನಲ್ಲಿದೆ.

ನಮ್ಮ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲು ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಯಾರೋ ಒಬ್ಬರು, "ಸಾರ್ ಹಾರಿಸುತ್ತಿದ್ದ ಚಟಾಕಿಗಳನ್ನು ಎಲ್ಲರೂ ಹಂಚಿಕೊಳ್ಳೋಣ, ಅದೇ ಅವರಿಗೆ ನಿಜವಾದ ಶ್ರದ್ಧಾಂಜಲಿ" ಎಂದು ಬರೆದರು. ಅಲ್ಲಿಂದ ಶುರುವಾಯಿತು. ಗಂಡ ಹೆಂಡತಿ ಜೋಕು, ಡಾಕ್ಟರು ರೋಗಿ ಜೋಕು, ಕುಡುಕನ ಜೋಕು, ಎಲ್ಲದರ ಕೆಳಗೂ ಮೇಷ್ಟ್ರ ಹೆಸರು. ಅವುಗಳಲ್ಲಿ ಒಂದೂ ಅವರದಲ್ಲ. ಸತ್ತವರ ಹೆಸರಿನಲ್ಲಿ ಎಡೆ ಇಡುವುದನ್ನು ಕಂಡಿದ್ದೆ, ಹಳಸಿದ್ದನ್ನು ಇಡುವುದನ್ನು ಈಗ ಕಂಡೆ. ಫೋನು ಟಿಣ್ ಎಂದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ಅದಕ್ಕೇ ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಇದನ್ನೂ ಯಾರಾದರೂ ಫಾರ್ವರ್ಡ್ ಮಾಡಿ ಕೊನೆಗೊಂದು ನಗುವ ಮುಖ ಅಂಟಿಸುತ್ತಾರೆ. ನಾನು ಬರೆಯಹೊರಟಿರುವುದು ಬೇರೆ ಒಂದು ಕಾರಣಕ್ಕೆ. ಮಣ್ಣಿಗಿಡುವ ದಿನ ಅವರ ತಮ್ಮ ಬಾಗಿ ಅಣ್ಣನ ಮುಖದ ಮೇಲಿದ್ದ ಕನ್ನಡಕ ತೆಗೆಯಲು ಹೋದರು. ಮೇಷ್ಟ್ರ ಹೆಂಡತಿ ಅವರ ಕೈ ಹಿಡಿದು, "ಇರ್ಲಿ ಬುಡಪ್ಪ, ಅಲ್ಲೂ ಬೇಕಾಗ್ತೈತೆ" ಅಂದರು. ನೆರೆದವರು ಮುಖ ಮುಖ ನೋಡಿಕೊಂಡರು. ದುಃಖದಲ್ಲಿ ಏನೋ ಅಂತಾವ್ರೆ, ಪಾಪ, ಎಂದು ಒಬ್ಬಾಕೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅದು ಹಾಗಲ್ಲ ಎಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು, ಜಾಗ ಅದಾಗಿರಲಿಲ್ಲ.

ನಾನು ಕನ್ನಡ ಪಾಠ ಮಾಡುವವಳು. ಅವರು ಲೆಕ್ಕ. ಚನ್ನರಾಯನದುರ್ಗ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷ ಎದುರುಬದುರು ಕುರ್ಚಿಯಲ್ಲಿ ಕೂತವರು ನಾವು. ಇಬ್ಬರೂ ಮಧುಗಿರಿಯಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಕುಳ್ಳಗಿನ ಆಳು, ಇಸ್ತ್ರಿ ಕಾಣದ ಅರ್ಧ ತೋಳಿನ ಅಂಗಿ, ಅದರ ಮೇಲೆ ಸೀಸೆಯ ತಳದಷ್ಟು ದಪ್ಪ ಗಾಜಿನ ಕನ್ನಡಕ. ನೋಡಿದವರು ಯಾರೂ ಈ ಮನುಷ್ಯ ನಗಿಸುತ್ತಾನೆ ಅನ್ನುವ ಹಾಗಿರಲಿಲ್ಲ. ಮೊದಲ ದಿನ ನನಗೂ ಹಾಗೇ ಅನ್ನಿಸಿತ್ತು.

ಆವತ್ತು ಬಸ್ಸಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಬಾಗಿಲಿನಲ್ಲಿ ನಿಂತ ಕಂಡಕ್ಟರ್, "ಒಳಕ್ಕೆ ನಡೀರಿ, ಒಳಕ್ಕೆ ನಡೀರಿ, ಜಾಗ ಐತೆ" ಎಂದು ಕೂಗುತ್ತಲೇ ಇದ್ದ. ಮೇಷ್ಟ್ರು ಆ ನೂಕಾಟದಲ್ಲೇ ಕನ್ನಡಕ ತೆಗೆದರು. ಅಂಗಿಯ ಚುಂಗಿನಿಂದ ಎರಡೂ ಗಾಜು ನಿಧಾನವಾಗಿ ಒರೆಸಿದರು. ಹಾಕಿಕೊಂಡು ಕಂಡಕ್ಟರನ ಮುಖ ನೋಡಿದರು. "ಐತೆ ಕಣಪ್ಪ. ನೀನು ಇಳಿದ್ರೆ ಐತೆ" ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಂಡಕ್ಟರೇ. ಮೇಷ್ಟ್ರು ಮಾತ್ರ ಆಗಲೇ ಕಿಟಕಿಯಾಚೆ ನೋಡುತ್ತಿದ್ದರು, ಮಾತಾಡಿದವರು ಬೇರೆ ಯಾರೋ ಎಂಬಂತೆ.

ನನ್ನದೊಂದು ಕೆಟ್ಟ ಅಭ್ಯಾಸ, ಮೂವತ್ತು ವರ್ಷ ಪದ್ಯಗಳಿಗೆ ಭಾವಾರ್ಥ ಬರೆಸಿ ಬರೆಸಿ ಅಂಟಿಕೊಂಡದ್ದು. ಯಾರು ಏನೇ ಹೇಳಿದರೂ ಅದಕ್ಕೊಂದು ವಿವರಣೆ ಕೊಡದಿದ್ದರೆ ನನಗೆ ಊಟ ಜೀರ್ಣವಾಗುವುದಿಲ್ಲ. ಒಮ್ಮೆ ಆಗಸ್ಟ್ ಹದಿನೈದರ ದಿನ ನಮ್ಮ ಹೆಡ್ಮಾಸ್ಟರು ಬಿಸಿಲಿನಲ್ಲಿ ಮಕ್ಕಳನ್ನು ನಿಲ್ಲಿಸಿಕೊಂಡು ಭಾಷಣ ಎಳೆಯುತ್ತಿದ್ದರು. ಎಂಟನೇ ಕ್ಲಾಸಿನ ಹುಡುಗನೊಬ್ಬ ತಲೆಸುತ್ತಿ ಬಿದ್ದ. ಅವನನ್ನು ನೆರಳಿಗೆ ಕರೆತಂದು ನೀರು ಕುಡಿಸಿದ್ದಾಯಿತು, ಹುಡುಗ ಚೇತರಿಸಿಕೊಂಡು ಬಿಸ್ಕತ್ತು ತಿನ್ನತೊಡಗಿದ. ಹೆಡ್ಮಾಸ್ಟರು ಭಾಷಣ ಮುಗಿಸಿ ಬಂದು, "ಇವನೊಬ್ಬ ಯಾಕ್ರೀ ಇಲ್ಲಿ ಕೂತವ್ನೆ" ಎಂದು ಕೇಳಿದರು. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು, "ಅವನೊಬ್ಬನಿಗೇ ಸಾ ಸ್ವಾತಂತ್ರ್ಯ ಸಿಕ್ಕಿದ್ದು" ಅಂದರು. ಎಲ್ಲರೂ ನಕ್ಕೆವು. ನಾನು ಬಿಡಬೇಕಲ್ಲ, "ಅಂದರೆ ನಿಮ್ಮ ಭಾಷಣದಿಂದ ತಪ್ಪಿಸಿಕೊಂಡ ಅಂತ ಸಾರ್" ಎಂದು ಹೆಡ್ಮಾಸ್ಟರಿಗೆ ಬಿಡಿಸಿ ಹೇಳಿದೆ. ಅಲ್ಲಿಯವರೆಗೆ ನಗುತ್ತಿದ್ದ ಹೆಡ್ಮಾಸ್ಟರ ಮುಖ ಗಂಟಿಕ್ಕಿತು. ಮೇಷ್ಟ್ರು ಬಸ್ಸಿನಲ್ಲಿ ಬರುವಾಗ ಮೆಲ್ಲಗೆ, "ಮೇಡಮ್ಮೋರೆ, ಚಟಾಕಿ ಹಾರಿದ ಮ್ಯಾಲೆ ಪೊರಕೆ ತಗಂಡು ಬರಬ್ಯಾಡಿ. ಕಸ ಅಂಗೇ ಬಿದ್ದಿರ್ಲಿ" ಅಂದರು. ಆಮೇಲೆ ಸ್ಟಾಫ್ ರೂಮಿನಲ್ಲಿ ನಾನು ಏನಾದರೂ ಬಿಡಿಸಿ ಹೇಳಲು ಬಾಯಿ ತೆರೆದರೆ ಸಾಕು, ಯಾರಾದರೂ ಒಬ್ಬರು 'ಪೊರಕೆ' ಅನ್ನುತ್ತಿದ್ದರು.

ನಮ್ಮಿಬ್ಬರ ದೊಡ್ಡ ಜಗಳವಿದ್ದದ್ದು ಈ ಮಾತುಗಳ ಬಗ್ಗೆಯೇ. ಚಟಾಕಿ, ನಗೆಹನಿ, ಗೇಲಿ, ಕಟಕಿ, ಜೋಕು ಎಲ್ಲವೂ ಸ್ವಲ್ಪ ಹೆಚ್ಚು ಕಡಿಮೆ ಒಂದೇ ಎಂದು ನನ್ನ ವಾದ. ನಿಘಂಟು ತಂದು ಮೇಜಿನ ಮೇಲೆ ಇಟ್ಟಿದ್ದೆ. ಅವರು ಅದನ್ನು ಮುಟ್ಟಲೂ ಇಲ್ಲ.

"ನೀವು ಹೆಸರು ನೋಡ್ತೀರಿ ಮೇಡಮ್ಮೋರೆ. ಜನ ಅದ್ರ ಹಿಂದೆ ಏನು ಸೇರಿಸ್ತಾರೆ ನೋಡಿ. ಜೋಕು ಹೇಳ್ತಾರೆ. ಹೇಳೋದು ಅಂದ್ರೆ ಎಲ್ಲೋ ಕೇಳಿದ್ದನ್ನ ತಂದು ಒಪ್ಸೋದು, ಪೋಸ್ಟ್‌ಮ್ಯಾನ್ ಕೆಲ್ಸ. ಗೇಲಿ ಮಾಡ್ತಾರೆ. ಮಾಡೋಕೆ ಎದ್ರಿಗೊಬ್ಬ ಮನುಷ್ಯ ಬೇಕು, ಪಾಪದೋನು. ಕಟಕಿ ಆಡ್ತಾರೆ. ಆಡಿದೋನು ಮರೀತಾನೆ, ಆಡಿಸ್ಕಂಡೋನು ಮರೆಯಕಿಲ್ಲ. ಚಟಾಕಿ ಮಾತ್ರ ಹಾರಿಸ್ತಾರೆ. ಮ್ಯಾಲಕ್ಕೆ ಹೋಗ್ತೈತೆ, ಯಾರ ತಲೆ ಮ್ಯಾಲೂ ಬೀಳಕಿಲ್ಲ."

ಇನ್ನೊಂದು ದಿನ ಅದಕ್ಕೆ ಅಳತೆಯನ್ನೂ ಹೇಳಿದರು. ಅವರ ಅಜ್ಜಿಯ ಮನೆಯಲ್ಲಿ ಸೇರು, ಪಾವು, ಚಟಾಕು ಎಲ್ಲ ಇದ್ದವಂತೆ. ಎಣ್ಣೆಗೆ ಚಟಾಕು. "ಒಂದು ಚಟಾಕು ಎಣ್ಣೇಲಿ ಮನೆಗೆಲ್ಲ ಒಗ್ಗರಣೆ ಆಗ್ತಿತ್ತು. ಸೇರು ಸುರಿದ್ರೆ ಸಾರು ತಿನ್ನೋಕಾಗ್ತೈತಾ? ಮಾತೂ ಅಂಗೇಯ." ಚಟಾಕು ಬೇರೆ ಚಟಾಕಿ ಬೇರೆ, ಚಟಚಟ ಎಂಬ ಸದ್ದಿಗೂ ಪಟಾಕಿಗೂ ಇದು ಹತ್ತಿರವಿರಬಹುದು ಎಂದು ನಾನು ಪಟ್ಟು ಹಿಡಿದೆ. "ಇರ್ಲಿ ಬುಡಿ, ಸದ್ದು ನೀವು ಇಟ್ಕಳಿ, ಅಳತೆ ನನಗಿರ್ಲಿ" ಅಂದರು. ಆ ವಾದ ಅಲ್ಲಿಗೇ ನಿಂತಿತು, ಇಬ್ಬರೂ ಗೆದ್ದೆವೆಂದುಕೊಂಡೆವು.

ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ವರ್ಗವಾದರೆ ಈ ನಾಲ್ಕರಲ್ಲೇ ಸುತ್ತಬೇಕು, ಎತ್ತು ಗಾಣ ಸುತ್ತಿದ ಹಾಗೆ. ಮೇಷ್ಟ್ರು ನಾಲ್ಕೂ ಕಡೆ ಸುತ್ತಿದ್ದರು, ಮತ್ತು ನಾಲ್ಕೂ ತಾಲ್ಲೂಕಿನ ನಗು ಬೇರೆ ಬೇರೆ ಎಂದು ಖಡಾಖಂಡಿತವಾಗಿ ಹೇಳುತ್ತಿದ್ದರು. "ಕೊರಟಗೆರೆಯೋರಿಗೆ ಇವತ್ತು ಹೇಳಿದ್ರೆ ನಾಳೆ ನಗ್ತಾರೆ, ಆದ್ರೆ ನಾಳಿದ್ದೂ ನಗ್ತಾರೆ. ಶಿರಾದೋರು ನೀವು ಮುಗಿಸೋಕೆ ಮುಂಚೇನೆ ತಿರುಗಿ ಒಂದು ಕೊಟ್ಟಿರ್ತಾರೆ. ಪಾವಗಡದಲ್ಲಿ ನಾವು ಹೇಳೋದು ಕನ್ನಡದಲ್ಲಿ, ಅವ್ರು ನಗೋದು ತೆಲುಗಲ್ಲಿ. ನಮ್ಮ ಮಧುಗಿರಿಯೋರು ಮೊದ್ಲು ಬೆಟ್ಟ ನೋಡ್ತಾರೆ. ಬೆಟ್ಟ ನಕ್ರೆ ತಾವೂ ನಗ್ತಾರೆ."

ಪಾವಗಡ ತಾಲ್ಲೂಕಿನ ರಾಯಚರ್ಲು ಕಡೆಯ ಶಾಲೆಯೊಂದಕ್ಕೆ ಅವರನ್ನು ಕೆಲವು ಕಾಲ ನಿಯೋಜನೆಯ ಮೇಲೆ ಹಾಕಿದ್ದರು. ಸುತ್ತ ಎತ್ತ ನೋಡಿದರೂ ಸೋಲಾರ್ ಹಲಗೆಗಳು. ಒಂದು ಶನಿವಾರ ಬಂದಾಗ, ಅಲ್ಲಿ ಬಿಸಿಲು ಹೆಂಗೈತೆ ಸಾರ್ ಎಂದು ನಮ್ಮ ಡ್ರಿಲ್ ಮಾಸ್ಟರು ಕೇಳಿದರು. ಮೇಷ್ಟ್ರು ಕನ್ನಡಕ ಒರೆಸಿದರು. "ಬಿಸ್ಲಿಗೇನೂ ಕಮ್ಮಿ ಇಲ್ಲ. ಆದ್ರೆ ನಮ್ದಲ್ಲ, ಗುತ್ತಿಗೆಗೆ ಕೊಟ್ಬುಟ್ಟವ್ರೆ." ಆ ಶಾಲೆಯ ಬಿಸಿಯೂಟದ ಅಜ್ಜಿ ದಿನಾ ಬೆಳಿಗ್ಗೆ ಗೇಟಿನಲ್ಲೇ ನಿಂತು, "ಏಮಿ ಸಾರ್, ಈ ರೋಜು ಏಮನ್ನಾ ಉಂದಾ?" ಎಂದು ಕೇಳುತ್ತಿದ್ದಳಂತೆ, ಇವತ್ತು ಹೊಸದೇನಾದರೂ ಇದೆಯಾ ಎಂದು. "ಉಂದಮ್ಮಾ, ನಿಮ್ಮ ಸಾಂಬಾರಲ್ಲಿ ಬೇಳೆ ಇರೋವಷ್ಟು" ಅಂದರಂತೆ ಇವರು. ಮರುದಿನ ಆಕೆ ಇವರ ತಟ್ಟೆಗೆ ಪಾತ್ರೆಯ ತಳದಿಂದ ಗೋರಿ ಹಾಕಿದಳು.

ತಾವು ಸೋತದ್ದನ್ನು ಹೇಳುವಾಗ ಅವರ ಮುಖ ಹೆಚ್ಚು ಅರಳುತ್ತಿತ್ತು. ಶಿರಾದ ಬಸ್ ನಿಲ್ದಾಣದ ಹತ್ತಿರ ಚಹಾ ಗಾಡಿಯ ಮುದುಕರೊಬ್ಬರಿದ್ದರಂತೆ. ಇವರು ಲೋಟ ಹಿಡಿದುಕೊಂಡು ಹರಟುತ್ತಾ ನಿಂತು ಕೊನೆಗೆ, "ಏನು ಭಾಯ್, ಚಾ ತಣ್ಣಗೈತಲ್ಲ" ಅಂದರು. ಮುದುಕರು ಗಾಡಿ ಒರೆಸುತ್ತಲೇ, "ನೀವು ಮಾತು ಶುರು ಮಾಡೋಕೆ ಮುಂಚೆ ಗರಂ ಇತ್ತು ಮಾಸ್ಟರ್ ಸಾಬ್" ಅಂದರಂತೆ. "ಅದು ಚಟಾಕಿ ಮೇಡಮ್ಮೋರೆ, ನಂದೆಲ್ಲ ಅದ್ರ ಮುಂದೆ ನೀರು" ಎಂದು ಅದನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಕನ್ನಡಕ ಒರೆಸುವುದು ಒಂದು ನಾಟಕವೆಂದೇ ಬಹಳ ಕಾಲ ನಾನು ತಿಳಿದಿದ್ದೆ. ಹೊಸಬರಿಗೂ ಅದು ಗೊತ್ತಿತ್ತು. ಮೇಷ್ಟ್ರ ಕೈ ಕನ್ನಡಕಕ್ಕೆ ಹೋಯಿತೆಂದರೆ ಸ್ಟಾಫ್ ರೂಮಿನಲ್ಲಿ ಮಾತು ನಿಲ್ಲುತ್ತಿತ್ತು. ಆದರೆ ಎಷ್ಟೋ ಸಲ ಅವರು ಒರೆಸಿ, ಹಾಕಿಕೊಂಡು, ಎದುರಿನವರ ಮುಖ ನೋಡಿ, ಏನೂ ಹೇಳದೆ ಉತ್ತರಪತ್ರಿಕೆಗೆ ಮರಳುತ್ತಿದ್ದರು. ಅದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳದೆ ಹೇಗಿರುತ್ತಾರೆ ಜನ? ಒಂದು ದಿನ ಬಸ್ಸಿನಲ್ಲಿ ಕೇಳಿಯೇಬಿಟ್ಟೆ.

ಕಾರಣ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾವುದೋ ಒಂದು ಹಳ್ಳಿಯ ಶಾಲೆ. ಜೊತೆಯ ಮೇಷ್ಟ್ರೊಬ್ಬರು ದಿನಾ ತಡವಾಗಿ ಬರುತ್ತಿದ್ದರು. ಒಂದು ದಿನ ಮಧ್ಯಾಹ್ನದ ಗಂಟೆಯ ಹೊತ್ತಿಗೆ ಬಂದರು. ಇವರು ಬಾಗಿಲಲ್ಲೇ, "ನಾಳೆ ಸ್ಕೂಲಿಗೆ ಇವತ್ತೇ ಬಂದ್ಬುಟ್ರಲ್ಲ ಸಾರ್" ಅಂದರು. ಮಕ್ಕಳೂ ಸೇರಿ ನಕ್ಕರು. ಆ ಮನುಷ್ಯನೂ ನಕ್ಕ ಹಾಗೆ ಮಾಡಿದನಂತೆ. ಅವರ ಹೆಂಡತಿ ತಿಂಗಳಿಂದ ಆಸ್ಪತ್ರೆಯಲ್ಲಿದ್ದದ್ದು, ಅಂದು ಬೆಳಿಗ್ಗೆ ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದ್ದು, ರಜೆ ಕೇಳಲೆಂದೇ ಅವರು ಬಂದದ್ದು ಸಂಜೆ ಗೊತ್ತಾಯಿತು.

"ನಾನು ಹಾರಿಸಿದ್ದು ಚಟಾಕಿ, ಅವ್ರಿಗೆ ಮುಟ್ಟಿದ್ದು ಕಟಕಿ. ಮುಖ ಒಂದ್ಸಲ ನೋಡಿದ್ರೆ ಗೊತ್ತಾಗ್ತಿತ್ತು. ನೋಡ್ಲಿಲ್ಲ. ಆವತ್ನಿಂದ ಬಾಯಿಗೆ ಬಂದ ತಕ್ಷಣ ಕನ್ನಡಕ ತೆಗೀತೀನಿ. ಒರೆಸಿ ಹಾಕ್ಕಂಡು ಮುಖ ನೋಡ್ತೀನಿ. ಆ ಹೊತ್ನಲ್ಲಿ ಅರ್ಧಕ್ಕರ್ಧ ಸತ್ತೋಗ್ತವೆ. ಸಾಯ್ಲಿ."

ಬಸ್ಸು ಮಧುಗಿರಿ ಮುಟ್ಟಿತು. ಬೆಟ್ಟ ಹತ್ತಿ ಇಳಿದು ಬಂದ ಬೆಂಗಳೂರಿನ ಹುಡುಗರ ದಂಡು ನಿಲ್ದಾಣದಲ್ಲಿತ್ತು. ಹತ್ತದೆ ಕೆಳಗೇ ಉಳಿದಿದ್ದ ಒಬ್ಬ ಹುಡುಗ ಮೇಷ್ಟ್ರನ್ನು ತಡೆದು, "ಸಾರ್, ಮೇಲೆ ಏನಿದೆ?" ಎಂದು ಕೇಳಿದ. ಅವರು ಕನ್ನಡಕ ಒರೆಸಿಕೊಂಡು, "ಕೆಳಗಿರೋದು ಕಾಣ್ತೈತೆ ಕಣಪ್ಪ" ಅಂದು ಮನೆಯ ದಾರಿ ಹಿಡಿದರು.

ನಿವೃತ್ತಿಗೆ ಕೆಲವು ತಿಂಗಳಿರುವಾಗ ಅವರಿಗೆ ಲಕ್ವ ಹೊಡೆಯಿತು. ತುಮಕೂರಿನ ಆಸ್ಪತ್ರೆಯಿಂದ ಮನೆಗೆ ಬಂದರು. ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ಹೋಗಿತ್ತು. ಪೂರ್ತಿ ಹೋಗಿರಲಿಲ್ಲ, ಒಂದು ಮಾತು ಉಳಿದಿತ್ತು. 'ಹೌದಾ'. ಅದೊಂದೇ.

ನಾನು ನೋಡಲು ಹೋದಾಗ ಅವರ ತಮ್ಮ ಪಟ್ಟನಾಯಕನಹಳ್ಳಿ ಕಡೆಯ ಊರಿನಿಂದ ಬಂದು ಮಂಚದ ಪಕ್ಕ ಕೂತಿದ್ದರು. "ಭಯ ಬೀಳಬ್ಯಾಡ ಕಣಣ್ಣಯ್ಯ. ಯುಗಾದಿ ಹೊತ್ಗೆ ಎದ್ದು ಓಡಾಡ್ತೀಯ."

"ಹೌದಾ" ಅಂದರು ಮೇಷ್ಟ್ರು.

"ದೊಡ್ಡ ಡಾಕ್ಟ್ರೇ ಹೇಳವ್ರೆ, ಏನೂ ತೊಂದ್ರೆ ಇಲ್ಲ ಅಂತ."

"ಹೌದಾ."

ನನಗೆ ತಡೆಯಲಾಗದ ನಗು ಬಂತು. ಬಂದ ಮರುಗಳಿಗೆಗೆ ನಾಚಿಕೆಯಾಯಿತು. ಅವರ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ, ಕಣ್ಣು ಮಬ್ಬಾಗಿ ಗೋಡೆಯ ಕಡೆ ಇತ್ತು. ಕಾಫಿ ಬೇಕಾ ಎಂದರೆ ಹೌದಾ, ನೋವಿದೆಯಾ ಎಂದರೆ ಹೌದಾ, ಯಾರೂ ಕೇಳದಿದ್ದಾಗಲೂ ಸುಮ್ಮನೆ ಹೌದಾ. ಆ ಮುಖದಲ್ಲಿ ಇನ್ನೂ ಏನೋ ಇಲ್ಲ ಅನ್ನಿಸುತ್ತಿತ್ತು, ಏನೆಂದು ಗೊತ್ತಾಗಲಿಲ್ಲ. ಲಕ್ವ ಬಾಯನ್ನು ಒಂದು ಪಕ್ಕಕ್ಕೆ ಎಳೆದಿತ್ತು, ಅದಿರಬೇಕೆಂದುಕೊಂಡೆ.

ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದರು. ಕೊರಟಗೆರೆ ಕಡೆಯ ಹೆಣ್ಣುಮಗಳು, ಗಟ್ಟಿ ಜೀವ. ಅಲ್ಲಿಯವರೆಗೆ ನಾವು ಹೆಚ್ಚು ಮಾತಾಡಿದವರಲ್ಲ.

"ಮೇಡಂ, ನಿಮ್ಮನ್ನೊಂದು ಕೇಳ್ಬೇಕು. ಇವ್ರು ಸ್ಕೂಲಲ್ಲಿ ಭಾಳ ನಗಿಸ್ತಿದ್ರಂತೆ. ಊರೋರೆಲ್ಲ ಬಂದು ಅದನ್ನೇ ಹೇಳ್ತಾರೆ. ಮನೇಲಿ ಒಂದು ದಿನ ನಗಿಸಿದ್ದಿಲ್ಲ. ಅಷ್ಟ್ಯಾಕೆ, ಇವ್ರ ಹಲ್ಲು ನಾನು ಸರಿಯಾಗಿ ನೋಡಿದ್ದೇ ಹುಳುಕು ಹಲ್ಲು ಕೀಳ್ಸೋಕೆ ಹೋದಾಗ. ಸಾಯಂಕಾಲ ಬರೋರು, ಕನ್ನಡ್ಕ ತೆಗೆದು ಗೂಡಲ್ಲಿ ಇಡೋರು, ಉಂಡು ಮಲಗೋರು. ಈಗ ಈ ಹೌದಾ ಒಂದು ಹಿಡ್ಕಂಡವ್ರೆ. ಇದು ರೋಗವೋ, ನಿಮ್ಮತ್ರ ಹೇಳ್ತಿದ್ರಲ್ಲ, ಅಂಥದ್ದೋ? ನಿಮಗೆ ಇವ್ರ ಚಟಾಕಿ ಗೊತ್ತು. ನೋಡಿ ಹೇಳಿ. ಒಳಗವ್ರಾ, ಇಲ್ವಾ?"

ನಾನು ಬಾಗಿಲಿನಿಂದ ಮಂಚದ ಕಡೆ ನೋಡಿದೆ. ಆಕೆ ದನಿ ತಗ್ಗಿಸಿದರು.

"ಮೈದುನ ಅವ್ರ ಎದುರಿಗೇನೆ ಅಂತಾನೆ, ಇನ್ನೇನೈತೆ ಅಣ್ಣಯ್ಯಂಗೆ, ಉಸ್ರೊಂದೇ ಅಂತ. ನಾನು ಒಬ್ಳೇ ಇದ್ದಾಗ ಇವ್ರ ಜೊತೆ ಮಾತಾಡ್ಲಾ ಬ್ಯಾಡ್ವಾ ಗೊತ್ತಾಗಕಿಲ್ಲ. ಒಳಗಿಲ್ದೋರ ಜೊತೆ ಮಾತಾಡಿದ್ರೆ ನನ್ನ ಹುಚ್ಚಿ ಅಂತಾರೆ. ಒಳಗಿರೋರ ಜೊತೆ ಮಾತಾಡ್ದೆ ಇದ್ರೆ ಪಾಪ ಅಲ್ವಾ?"

ಆ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ವಾರಕ್ಕೊಮ್ಮೆಯಾದರೂ ಹೋಗತೊಡಗಿದೆ. ಹೋದಾಗಲೆಲ್ಲ ಏನಾದರೂ ಹೇಳಿ ಅವರ 'ಹೌದಾ' ಕೇಳಿಸಿಕೊಳ್ಳುತ್ತಿದ್ದೆ, ಪರೀಕ್ಷೆ ಪತ್ರಿಕೆ ತಿದ್ದಿದ ಹಾಗೆ ಅದರ ಏರಿಳಿತ ನೋಡುತ್ತಿದ್ದೆ. ಒಂದು ಸಲ ಒಳಗಿದ್ದಾರೆ ಅನ್ನಿಸುತ್ತಿತ್ತು, ಮೆಟ್ಟಿಲಿಳಿಯುವ ಹೊತ್ತಿಗೆ ಇಲ್ಲ ಅನ್ನಿಸುತ್ತಿತ್ತು. ಆಕೆ ಬಾಗಿಲವರೆಗೆ ಬಂದು ನನ್ನ ಮುಖ ನೋಡುತ್ತಿದ್ದರು. ನಾನು ಚಪ್ಪಲಿ ಹುಡುಕುವ ಹಾಗೆ ನಟಿಸುತ್ತಿದ್ದೆ.

ಬೀಳ್ಕೊಡುಗೆಗೆ ಶಾಲೆಯ ಅಂಗಳದ ಶಾಮಿಯಾನದಡಿ ಎಲ್ಲರೂ ಸೇರಿದೆವು. ಮೇಷ್ಟ್ರನ್ನು ಕಾರಿನಲ್ಲಿ ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಪಕ್ಕದಲ್ಲಿ ಹೆಂಡತಿ. ಇಂಥ ಎಷ್ಟೋ ಸಮಾರಂಭಗಳಲ್ಲಿ ಕೊನೆಯ ಸಾಲಿನಲ್ಲಿ ಕೂತು ನಗಿಸಿದವರು ಅಂದು ಎದುರಿಗೆ ಕೂತಿದ್ದರು. ಮಾತಾಡಿದವರೆಲ್ಲ ಅವರ ಚಟಾಕಿಗಳನ್ನೇ ಹೇಳಿದರು, ಹೇಳಿದವರೆಲ್ಲ ಕೆಡಿಸಿದರು. ಡ್ರಿಲ್ ಮಾಸ್ಟರು ಬಿಸಿಲಿನ ಗುತ್ತಿಗೆಯ ಮಾತು ಹೇಳಿ, "ಅಂದರೆ ಅಲ್ಲಿ ಸೋಲಾರ್ ಇರುವುದರಿಂದ" ಎಂದು ಮುಂದುವರಿಸಿದರು. ಜನ ಚಪ್ಪಾಳೆ ತಟ್ಟಿದರು, ನಗಲಿಲ್ಲ. ನಾನು ಸೀಟಿನಲ್ಲಿ ಮಿಸುಕಾಡಿದೆ. ಪೊರಕೆ ಬೇರೆಯವರ ಕೈಯಲ್ಲಿದ್ದಾಗ ಅದರ ಧೂಳು ಎಷ್ಟೆಂದು ಗೊತ್ತಾಗುತ್ತದೆ.

ಕೊನೆಗೆ ಹೆಡ್ಮಾಸ್ಟರು ಭಾಷಣ ಮುಗಿಸಿ ಮೈಕನ್ನು ಮೇಷ್ಟ್ರ ಬಾಯಿಯ ಹತ್ತಿರ ಹಿಡಿದರು. "ಸಾರ್, ಕೊನೇದಾಗಿ ಒಂದು ಚಟಾಕಿ." ಹಿಂದಿನ ಸಾಲಿನವರು ಕತ್ತು ಚಾಚಿದರು. ಆಕೆ ಗಂಡನ ಮುಖವನ್ನೇ ನೋಡುತ್ತಿದ್ದರು. ಈಗ ಹೌದಾ ಅಂದುಬಿಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನಾನು ಕೈ ಹಿಸುಕಿಕೊಂಡೆ. ಮೇಷ್ಟ್ರ ಎಡಗೈ ಮೇಲೆದ್ದಿತು, ಮೂಗಿನ ಹತ್ತಿರ ತಡವಿತು, ಹಾಗೇ ತೊಡೆಯ ಮೇಲೆ ಬಿದ್ದಿತು. ಬಾಯಿ ಬಿಡಲಿಲ್ಲ. ಆ ಒಂದು ಮಾತೂ ಬರಲಿಲ್ಲ. ಹೆಡ್ಮಾಸ್ಟರು ಮೈಕು ಹಿಂದಕ್ಕೆ ಎಳೆದುಕೊಂಡು ವಂದನಾರ್ಪಣೆಗೆ ಕರೆದರು. ಆಕೆ ತಲೆ ತಗ್ಗಿಸಿ ಹಾರದ ಹೂ ಬಿಡಿಸುತ್ತಾ ಕೂತರು, ಉತ್ತರ ಸಿಕ್ಕಿತು ಎಂಬಂತೆ.

ನಾನು ಕಣ್ಣು ತೊಳೆದುಕೊಳ್ಳಲು ಹೆಡ್ಮಾಸ್ಟರ ಕೋಣೆಗೆ ಹೋದೆ. ಗೋಡೆಯ ಮೇಲೆ ಹಳೆಯ ವರ್ಷದ ಗ್ರೂಪ್ ಫೋಟೋ ಇತ್ತು. ಎರಡನೇ ಸಾಲಿನಲ್ಲಿ ಮೇಷ್ಟ್ರು, ಆ ದಪ್ಪ ಗಾಜಿನ ಹಿಂದೆ ಎರಡು ಕಣ್ಣು. ಅಲ್ಲೇ ಹೊಳೆಯಿತು. ಇಷ್ಟು ತಿಂಗಳು ಆ ಮುಖದಲ್ಲಿ ಇಲ್ಲದ್ದು ಕನ್ನಡಕ. ಪೇಟ ತೊಡಿಸಿದ್ದೆವು, ಶಾಲು ಹೊದಿಸಿದ್ದೆವು. ಓದುವುದಿಲ್ಲ ಬರೆಯುವುದಿಲ್ಲ ಎಂದು ಕನ್ನಡಕ ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಮನೆಯಲ್ಲಿ ಅದಿಲ್ಲದ ಮುಖವನ್ನೇ ನೋಡಿ ರೂಢಿಯಿದ್ದ ಹೆಂಡತಿಗೂ ಅದು ಕೊರತೆಯೆನಿಸಿರಲಿಲ್ಲ. ಆ ಮನುಷ್ಯನಿಗೆ ನಮ್ಮ ಯಾರ ಮುಖವೂ ಕಾಣುತ್ತಿರಲಿಲ್ಲ. ಮುಖ ನೋಡದೆ ಅವರು ಹಾರಿಸುವವರಲ್ಲ.

ಅದೇ ಕಾರಿನಲ್ಲಿ ನಾನೂ ಅವರ ಮನೆಗೆ ಹೋದೆ. ಮಂಚದ ಮೇಲೆ ಒರಗಿಸಿ ಕೂರಿಸಿದ್ದಾಯಿತು, ಮೈದುನ ಹಣ್ಣಿನ ಬುಟ್ಟಿ ಇಳಿಸಿ ಊರಿಗೆ ಹೊರಟರು. "ಕನ್ನಡಕ ಎಲ್ಲಿ?" ಎಂದು ಕೇಳಿದೆ. "ಗೂಡಲ್ಲೈತೆ. ಯಾಕೆ ಮೇಡಂ?" ಅಂದರು ಆಕೆ. ಹಳೆಯ ಬಸ್ ಪಾಸಿನ ಪಕ್ಕ, ಮಡಿಚಿಟ್ಟದ್ದು ಮಡಿಚಿಟ್ಟ ಹಾಗೇ ಇತ್ತು, ಮೇಲೆ ಧೂಳು. ತಂದು ಹಾಕಿದೆ. ಮೇಷ್ಟ್ರು ರೆಪ್ಪೆ ಬಡಿದರು. ನನ್ನನ್ನು ನೋಡಿದರು, ಕಿಟಕಿಯಾಚೆ ಬೆಟ್ಟ ನೋಡಿದರು. ಆಮೇಲೆ ಹೆಂಡತಿಯನ್ನು ಬಹಳ ಹೊತ್ತು ನೋಡಿದರು.

ಆಕೆ ಅದನ್ನು ಗಮನಿಸಲಿಲ್ಲ. ಮಂಚದ ಅಂಚಿನಲ್ಲಿ ಕೂತು ಪೇಟ ಬಿಚ್ಚುತ್ತಿದ್ದರು. ದಣಿದಿದ್ದರು, ಮೊದಲ ಸಲ ನನ್ನ ಎದುರಿಗೇ ಗಂಡನ ಜೊತೆ ಮಾತಾಡಿದರು, ಯಾರು ಹುಚ್ಚಿ ಅಂದರೂ ಅನ್ನಲಿ ಎಂಬಂತೆ.

"ಎಲ್ರೂ ಅಂದ್ರು ಕಣ್ರೀ, ನೀವು ಭಾಳ ಮಾತುಗಾರ್ರಂತೆ."

ಮೇಷ್ಟ್ರ ಎಡಗೈ ಮೇಲೆದ್ದಿತು. ಈ ಸಲ ಮೂಗಿನ ಹತ್ತಿರ ಅದಕ್ಕೆ ಬೇಕಾದದ್ದು ಸಿಕ್ಕಿತು. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಡವಿ ಹೆಂಡತಿಯ ಸೆರಗಿನ ತುದಿ ಹಿಡಿದರು. ಒಂದು ಗಾಜು ಒರೆಸಿದರು, ಇನ್ನೊಂದು ಗಾಜು ಒರೆಸಿದರು, ಒಂದೇ ಕೈಯಲ್ಲಿ, ಹೆಬ್ಬೆರಳಿನಿಂದ, ನಿಧಾನವಾಗಿ. ನೆರವಾಗಲು ನನ್ನ ಕೈ ತುಡಿಯಿತು, ತಡೆದುಕೊಂಡೆ. ತಿರುಗಿ ಹಾಕಿಕೊಂಡಾಗ ಒಂದು ಕಡ್ಡಿ ಕಿವಿಗೆ ಸಿಗದೆ ಸೊಟ್ಟಗೆ ನಿಂತಿತು. ಆಕೆ ತಾವಾಗಿ ಕೈ ಚಾಚಿ ಸರಿಮಾಡಿದರು. ಮೇಷ್ಟ್ರು ಆಕೆಯ ಮುಖ ನೋಡಿದರು.

"ಹೌದಾ?" ಅಂದರು.

"ಹೂಂ ಕಣ್ರೀ, ಹೆಡ್ಮಾಸ್ಟ್ರು ಕೂಡ…" ಎಂದು ಆಕೆ ಅಭ್ಯಾಸಬಲದಿಂದ ಮುಂದುವರಿಸಿದರು. ಅಲ್ಲಿಗೆ ಪೇಟ ಬಿಚ್ಚುತ್ತಿದ್ದ ಕೈ ನಿಂತಿತು. ಕೊರಟಗೆರೆಯ ಹೆಣ್ಣುಮಗಳು, ನಗು ತುಸು ತಡವಾಗಿ ಬಂತು. ಬಂದದ್ದು ನಿಲ್ಲಲೇ ಇಲ್ಲ. ಮಡಿಲಲ್ಲಿದ್ದ ಪೇಟ ಉರುಳಿ ಕೆಳಗೆ ಬಿತ್ತು, ಆಕೆ ಮಂಚದ ಕಾಲು ಹಿಡಿದುಕೊಂಡು ನಕ್ಕರು, ನಗುತ್ತಲೇ ಅತ್ತರು. ಅದೇ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಒಳಗವ್ರೆ ಮೇಡಂ" ಅಂದರು.

ನಾನು ಏನೋ ಹೇಳಲು ಬಾಯಿ ತೆರೆದೆ. ಮೇಷ್ಟ್ರು ಕನ್ನಡಕದೊಳಗಿಂದ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಕೂತೆ.